ಮೌತ್‌ವಾಶ್: ಯಾವುದು, ಯಾರಿಗೆ, ಎಷ್ಟು ದಿನ?

ಕುಂದಲಹಳ್ಳಿ ಗೇಟಿನ ಆಸುಪಾಸಿನ ಔಷಧಿ ಅಂಗಡಿಗಳಲ್ಲಿ ಬಣ್ಣಬಣ್ಣದ ಮೌತ್‌ವಾಶ್ ಬಾಟಲಿಗಳನ್ನು ನೀವು ನೋಡಿರಬಹುದು. ರಾತ್ರಿ ಪಾಳಿ ಮುಗಿಸಿ ಬಂದವರು ಬ್ರಷ್ ಹಿಡಿಯಲು ಬೇಸರಪಟ್ಟು, ಒಂದು ಮುಚ್ಚಳ ಮುಕ್ಕಳಿಸಿ ಮಲಗುವುದುಂಟು. ಆದರೆ ಎಲ್ಲ ಬಾಟಲಿಗಳೂ ಒಂದೇ ಅಲ್ಲ.

ಹಲ್ಲಿಗೆ ಅಂಟಿಕೊಳ್ಳುವ ರೋಗಾಣುಗಳ ಪದರವೇ ಪ್ಲಾಕ್. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹಲ್ಲುಜ್ಜದಿರಲು ಹೇಳಿ ನೋಡಿದರು. ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು.

ಕ್ಲೋರ್‌ಹೆಕ್ಸಿಡಿನ್: ಪ್ಲಾಕ್ ತಡೆಯುವುದರಲ್ಲಿ ಇದೇ ಮುಂದು. ಹಲ್ಲು, ವಸಡಿಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಶೇ. 0.2ರ ದ್ರಾವಣವಾದರೆ ಸಾಮಾನ್ಯವಾಗಿ ದಿನಕ್ಕೆರಡು ಸಲ 10 ಮಿ.ಲೀ. ಆದರೆ ಹೆಚ್ಚು ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಆದ್ದರಿಂದ ವಸಡಿನ ಚಿಕಿತ್ಸೆ ಅಥವಾ ಶಸ್ತ್ರಕ್ರಿಯೆಯ ನಂತರ ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ಟೂತ್‌ಪೇಸ್ಟಿನ ನೊರೆ ಇದರ ಶಕ್ತಿ ಕುಂದಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ.

ಸುಗಂಧ ತೈಲದ ಮೌತ್‌ವಾಶ್: ಲಿಸ್ಟರಿನ್ ಈ ಗುಂಪಿನದು. ಇದರಲ್ಲಿರುವ ಥೈಮಾಲ್ ನಮ್ಮ ಅಡುಗೆಮನೆಯ ಓಮದಲ್ಲೂ ಇದೆ. ಪ್ಲಾಕ್ ತಡೆಯುವಲ್ಲಿ ಎರಡನೆಯ ಸ್ಥಾನ, ಕಲೆ ಕಡಿಮೆ. ಮೂಲ ಮಾದರಿಯಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಬೇಡವೆನ್ನುವವರು ಲೇಬಲ್ ಓದಿ ಆಲ್ಕೋಹಾಲ್‌ರಹಿತ ಬಾಟಲಿ ಕೊಳ್ಳಬಹುದು. ಬಾಯಿ ಒಣಗುವವರಿಗೂ ಅದೇ ಮೇಲು.

ಸಿ.ಪಿ.ಸಿ.: ಸೆಟಿಲ್‌ಪಿರಿಡಿನಿಯಂ ಕ್ಲೋರೈಡ್ ಇರುವ ಇದು ಸೌಮ್ಯ, ಪರಿಣಾಮವೂ ಕ್ಲೋರ್‌ಹೆಕ್ಸಿಡಿನ್‌ಗಿಂತ ಕಡಿಮೆ.

ಇನ್ನು ಮುಖ್ಯ ಮಾತು. ಪ್ಲಾಕ್ ಗಟ್ಟಿಯಾಗಿ ಕಿಟ್ಟವಾದ ಮೇಲೆ ಯಾವ ಮೌತ್‌ವಾಶೂ ಅದನ್ನು ಕರಗಿಸದು, ದಂತವೈದ್ಯರೇ ತೆಗೆಯಬೇಕು. ಉಜ್ಜುವಾಗಲೆಲ್ಲ ರಕ್ತ ಬರುತ್ತಿದ್ದರೆ ಬಾಟಲಿ ಬದಲಿಸುತ್ತಾ ಕಾಲ ಕಳೆಯಬೇಡಿ. ಸಕ್ಕರೆ ಕಾಯಿಲೆಯವರಂತೂ ಇದನ್ನು ಕಡೆಗಣಿಸಲೇಬಾರದು. ವಸಡಿನ ರೋಗ ಮತ್ತು ಸಕ್ಕರೆ ಕಾಯಿಲೆ ಒಂದನ್ನೊಂದು ಹೆಚ್ಚಿಸುತ್ತವೆ. ಗುಟ್ಕಾ ವಾಸನೆ ಮರೆಸಲು ಮುಕ್ಕಳಿಸುವವರು ಇನ್ನೂ ಎಚ್ಚರದಿಂದಿರಬೇಕು. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಕೂಡಲೇ ತೋರಿಸಿ. ವೈಟ್‌ಫೀಲ್ಡಿನಲ್ಲಿ ವೈದೇಹಿ ದಂತ ವೈದ್ಯಕೀಯ ಕಾಲೇಜು, ನಗರದ ಕೋಟೆ ಪ್ರದೇಶದಲ್ಲಿ ಸರಕಾರಿ ದಂತ ವೈದ್ಯಕೀಯ ಕಾಲೇಜು ಇವೆ.

ಆರು ವರ್ಷದೊಳಗಿನ ಮಕ್ಕಳಿಗೆ ಮೌತ್‌ವಾಶ್ ಬೇಡ, ಅವರು ನುಂಗಿಬಿಡುತ್ತಾರೆ. ಉಳಿದವರು ದಿನಕ್ಕೆರಡು ಸಲ ಬ್ರಷ್ ಮಾಡಿ ಹಲ್ಲುಸಂದುಗಳನ್ನು ಶುಚಿಯಾಗಿಟ್ಟುಕೊಳ್ಳಲಿ. ಬಹುತೇಕ ಮನೆಗಳಿಗೆ ಇಷ್ಟೇ ಸಾಕು. ಉಳಿದ ಹಣ ವರ್ಷಕ್ಕೊಮ್ಮೆ ಹಲ್ಲು ತೋರಿಸಲು ಒದಗುತ್ತದೆ.