ಕುಸ್ತಿಯ ದಿನದ ಬೆಳಗು

ಎರಡು ವರುಷಕ್ಕೊಮ್ಮೆ ದುರ್ಗಾಂಬಿಕೆಯ ಜಾತ್ರೆಯ ಕುಸ್ತಿಯನ್ನು ನೋಡಲು ದಾವಣಗೆರೆಗೆ ಬರುವ ಪರಸ್ಥಳದವರು ಬಹುಮಂದಿ. ಪಂದ್ಯಗಳು ಕಳೆಕಟ್ಟುವುದು ಅಪರಾಹ್ಣದ ಮೇಲೆ. ಬೆಳಗಿನ ಹೊತ್ತೆಲ್ಲ ಬೆಣ್ಣೆದೋಸೆಯಲ್ಲಿಯೇ ಮುಗಿದುಹೋಗುವುದು. ದೋಸೆಯನ್ನು ನಾವು ನಿಂದಿಸುತ್ತಿಲ್ಲ. ಆದರೆ ನಾಲ್ವರು ಕೂಡಿ ಚಾಲಕಸಹಿತವಾದ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿಕೊಂಡರೆ, ಸುಮಾರು 14 ಕಿಲೋಮೀಟರು ದೂರದ ಹರಿಹರವನ್ನು ನೋಡಿಬರಬಹುದು. ಕಾಯುವ ಹೊತ್ತಿನ ಬಾಡಿಗೆಯನ್ನು ಹೊರಡುವ ಮುನ್ನವೇ ಮಾತನಾಡಿಕೊಳ್ಳತಕ್ಕದ್ದು. ಚಾಲಕನಿಗೂ ಹಸಿವುಂಟೆಂಬುದನ್ನು ಮರೆಯಲಾಗದು.

ತುಂಗಭದ್ರೆಯ ತಡಿಯಲ್ಲಿರುವ ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದನು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಒಬ್ಬರಿಂದ ಸಾಯದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂದು ಸ್ಥಳಪುರಾಣವು ಹೇಳುತ್ತದೆ. ಮಲ್ಲರ ನಿಯಮಕ್ಕೆ ಇದು ಒಪ್ಪದಿರಬಹುದು! ಮಂಟಪದ ಕಡೆದ ಕಂಬಗಳ ಮುಂದೆ ಒಂದು ಗಳಿಗೆಯಾದರೂ ನಿಂತು, ಮಧ್ಯಾಹ್ನದೊಳಗೆ ಹಿಂದಿರುಗಿದರೆ, ಅಖಾಡದ ಹತ್ತಿರವೇ ಸ್ಥಳವು ದೊರೆತೀತು.