ನಡುವಟ್ಟದ ಸೆರೆಮನೆಯೂ ಸಿಂಕೋನಾ ತೊಗಟೆಯೂ

ಉದಕಮಂಡಲದಿಂದ ಗೂಡಲೂರಿಗೆ ಹೋಗುವ ದಾರಿಯಲ್ಲಿ, ಪೈಕಾರ ದಾಟಿದ ಮೇಲೆ ನಡುವಟ್ಟ ಸಿಗುತ್ತದೆ. ಅಲ್ಲಿ ಬ್ರಿಟಿಷರ ಕಾಲದ ಒಂದು ಸೆರೆಮನೆ ಇದೆ. ತಮಿಳುನಾಡು ಚಹಾ ತೋಟ ನಿಗಮವು ಅದನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದೆ. ಆ ದಾರಿಯಲ್ಲಿ ಹತ್ತಾರು ಸಲ ಬಸ್ಸಿನಲ್ಲಿ ಹೋಗಿಬಂದಿರುವ ವಿದ್ಯಾರ್ಥಿಗಳು ಒಮ್ಮೆಯಾದರೂ ಇಳಿದು ನೋಡಬೇಕು.

ಈ ಎತ್ತರದ ಕಾಡಿನಲ್ಲಿ ಸೆರೆಮನೆ ಏಕೆ ಬಂತು? ಉತ್ತರ ಒಂದು ಮರದಲ್ಲಿದೆ. ಚಳಿಜ್ವರಕ್ಕೆ ಆಗ ಇದ್ದ ನಂಬಿಕೆಯ ಔಷಧಿ ಕ್ವಿನೈನ್ ಒಂದೇ. ಅದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಬರುತ್ತಿತ್ತು. ಕ್ಲೆಮೆಂಟ್ಸ್ ಮಾರ್ಕಮ್ ಎಂಬವರ ಪ್ರಯತ್ನದಿಂದ 1860ರ ಸುಮಾರಿಗೆ ಅದರ ಸಸಿಗಳೂ ಬೀಜಗಳೂ ನೀಲಗಿರಿಗೆ ಬಂದವು. ಉದಕಮಂಡಲದ ಸಸ್ಯೋದ್ಯಾನದ ಮ್ಯಾಕ್‌ಐವರ್ ಅವುಗಳನ್ನು ಬೆಳೆಸಿದರು. ಮರವನ್ನು ಕಡಿಯದೆ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಗಾಯಕ್ಕೆ ಹಸಿ ಪಾಚಿ ಕಟ್ಟಿದರೆ ಹೊಸ ತೊಗಟೆ ಬರುತ್ತದೆ, ಅದರಲ್ಲಿ ಕ್ವಿನೈನ್ ಇನ್ನೂ ಹೆಚ್ಚಾಗಿರುತ್ತದೆ ಎಂದು ಕಂಡುಕೊಂಡವರು ಅವರೇ. ಬಲು ಚೆಂದದ ಉಪಾಯ!

ತೋಟಕ್ಕೆ ಆಳುಗಳು ಸಾಲಲಿಲ್ಲ. ಮಲಾಯದ ಕಡೆಯ ಬ್ರಿಟಿಷ್ ವಸಾಹತುಗಳಿಂದ ಮದ್ರಾಸಿಗೆ ಸಾಗಿಸಿದ್ದ ಚೀನೀ ಕೈದಿಗಳನ್ನು ಇಲ್ಲಿಗೆ ತಂದರು. ಇವರು ಅಫೀಮು ಯುದ್ಧದ ಸೆರೆಯಾಳುಗಳೆಂದು ಜನ ಹೇಳುವುದುಂಟು. ಹಳೆಯ ಬರಹಗಳಲ್ಲಿ ಇರುವುದು ಶಿಕ್ಷೆಗೊಳಗಾದ ಅಪರಾಧಿಗಳೆಂದೇ. ಏನೇ ಇರಲಿ, ಜ್ವರದ ಮದ್ದು ಬೆಳೆದ ಕೈಗಳಿಗೆ ಬೇಡಿ ಇತ್ತೆಂಬುದನ್ನು ನಾವು ಮರೆಯಬಾರದು. 1860ರ ದಶಕದಲ್ಲಿ ಕೆಲವರು ಸೆರೆಯಿಂದ ತಪ್ಪಿಸಿಕೊಂಡದ್ದೂ ಉಂಟು. ಬಿಡುಗಡೆಯಾದವರಲ್ಲಿ ಕೆಲವರು ಊರಿಗೆ ಮರಳದೆ ಇಲ್ಲಿಯ ತಮಿಳು ಹೆಣ್ಣುಗಳನ್ನು ಮದುವೆಯಾಗಿ, ತರಕಾರಿ ಬೆಳೆದು, ಹಸು ಸಾಕಿ ಬದುಕಿದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬರೆದಿದ್ದಾರೆ.

ನಡುವಟ್ಟದಲ್ಲೇ ಸರ್ಕಾರದ ಕ್ವಿನೈನ್ ಕಾರ್ಖಾನೆಯೂ ನಡೆಯಿತು. ತೊಗಟೆಯನ್ನು ಒಣಗಿಸಿ, ಪುಡಿಮಾಡಿ, ಸುಣ್ಣ ಬೆರೆಸಿ, ಎಣ್ಣೆಯಲ್ಲಿ ಸಾರವನ್ನು ಎಳೆದು, ಗಂಧಕಾಮ್ಲ ಸೇರಿಸಿದರೆ ಬಿಳಿಯ ಹರಳು ಕಟ್ಟುತ್ತದೆ. ಕ್ವಿನೈನ್ ತೆಗೆಯುವ ಸಾಮಾನ್ಯ ಕ್ರಮ ಇದು. ಅದರ ಕಹಿಯನ್ನು ನಮ್ಮ ಅಜ್ಜಂದಿರನ್ನು ಕೇಳಬೇಕಿತ್ತು. ಆದರೂ ಮಸಿನಗುಡಿಯ ಕಡೆಯ ಕಾಡುಗಳಲ್ಲಿ ಚಳಿಜ್ವರದ ಹಾವಳಿ ಎಂಥದೆಂದರೆ, ಅದನ್ನು ಅಭ್ಯಸಿಸಲು ಸೀಗೂರು ಘಾಟಿಗೆ ಬಂದ ರೊನಾಲ್ಡ್ ರಾಸ್ ತಾವೇ ಮಲಗಿಬಿಟ್ಟರು! ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಅವರು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಮುಂದೆ ಜಾವಾ ದ್ವೀಪದ ಸಿಂಕೋನಾ ಪೈಪೋಟಿಗಿಳಿಯಿತು, ಆಮೇಲೆ ಕೃತಕ ಔಷಧಿಗಳು ಬಂದವು. ಈಗ ನಡುವಟ್ಟದ ಇಳಿಜಾರುಗಳಲ್ಲಿ ಚಹಾ ಬೆಳೆಯುತ್ತದೆ.