ಹಳೆಯ ರೈಫಲ್: ಬಿಡಿಭಾಗ ಕೊಳ್ಳುವ ಮುನ್ನ

ರಾಮನಗರ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವುದೇ ಮನೆಯಲ್ಲಿ ಹಿರಿಯರ ಕಾಲದ ಸೇನಾ ರೈಫಲ್ ಉಳಿದಿದ್ದರೆ, ಅದಕ್ಕೊಂದು ಬೋಲ್ಟ್ ಕೊಳ್ಳುವುದೂ ಕಾನೂನಿನ ವ್ಯಾಪ್ತಿಗೆ ಸೇರುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 2ನೇ ಸೆಕ್ಷನ್ ಪ್ರಕಾರ ಬಿಡಿಭಾಗವೂ ಶಸ್ತ್ರವೇ. ಆದ್ದರಿಂದ ಗುಜರಿ ಅಂಗಡಿಯ ವ್ಯವಹಾರ ಸಲ್ಲದು. ಪರವಾನಗಿ ಪಡೆದ ವ್ಯಾಪಾರಿಯೇ ದಾರಿ.

ಭಾಗವನ್ನು ಗುರುತಿಸುವುದು ಹೇಗೆ? ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿಯೂ ತಯಾರಾದ .303 ಲೀ-ಎನ್‌ಫೀಲ್ಡ್‌ನಲ್ಲಿ, ಮರದ ಹಿಡಿ ಕೂಡುವ ಲೋಹದ ಪಟ್ಟಿಯ ಬಲಬದಿಯಲ್ಲಿ ಕಾರ್ಖಾನೆ, ವರ್ಷ, ಮಾದರಿಯ ಮುದ್ರೆಗಳಿರುತ್ತವೆ. ಬೋಲ್ಟ್ ಹಿಡಿಯ ಮೇಲಿನ ಸಂಖ್ಯೆಯು ಬಂದೂಕಿನ ಸಂಖ್ಯೆಗೆ ತಾಳೆಯಾಗಬೇಕು. ಪ್ರತಿ ಬೋಲ್ಟನ್ನೂ ಆಯಾ ಬಂದೂಕಿಗೇ ಹೊಂದಿಸಲಾಗುತ್ತಿದ್ದುದೇ ಇದಕ್ಕೆ ಕಾರಣ. ಅನ್ಯ ಬೋಲ್ಟ್ ಸರಿಯಾಗಿ ಕೂರದಿದ್ದರೆ ತೋಟಾ ಒಡೆದು, ಬಿಸಿ ಅನಿಲ ಹಾರಿಸುವವರ ಮುಖಕ್ಕೇ ಚಿಮ್ಮಬಹುದು.

ಹೊರನೋಟವೂ ಮೋಸಗೊಳಿಸುತ್ತದೆ. ಇದೇ ಆಕಾರದ 2ಎ ಮಾದರಿಯು 7.62 ಮಿ.ಮೀ. ತೋಟಾದ್ದು. ಪೊಲೀಸರಿಗಾಗಿ ಮಾರ್ಪಡಿಸಿದ .410 ಮಸ್ಕೆಟ್‌ನಲ್ಲಿ ತೋಟಾಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುಂಬಿಸಿ, ಒಮ್ಮೆಗೆ ಒಂದೇ ತೋಟಾ ಹಾಕುವಂತೆ ಮಾಡಲಾಗಿತ್ತು. ಒಂದರ ಭಾಗ ಇನ್ನೊಂದಕ್ಕೆ ಒಗ್ಗದು.

ಸಂಖ್ಯೆ ಹೊಂದಿಸಲೆಂದು ಮುದ್ರೆಯನ್ನು ಉಜ್ಜುವುದು, ತಿದ್ದುವುದು 8ನೇ ಸೆಕ್ಷನ್ ಅನ್ವಯ ನಿಷಿದ್ಧ. ಪರವಾನಗಿದಾರರು ನಿಧನರಾಗಿದ್ದಲ್ಲಿ ವಾರಸುದಾರರು ದುರಸ್ತಿಯ ಯೋಚನೆ ಬಿಟ್ಟು, ಬಂದೂಕನ್ನು ತಡಮಾಡದೆ ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸುವುದು ಕಡ್ಡಾಯ.